ಕಸಿ ಕಟ್ಟೋ ನನಗೇ ಪೌಲನ ಕಸಿ ಅರ್ಥ ಆಗ್ತಿಲ್ಲ

ಕಸಿಕತ್ತಿ (ಶ್ರೀನಿವಾಸಪುರ ಕಡೆ)

ಎಲ್ಲರಿಗೂ ನಮಸ್ಕಾರ. ಶ್ರೀನಿವಾಸಪುರ–ಚಿಂತಾಮಣಿ ರಸ್ತೆಯಲ್ಲಿ ನನ್ನದೊಂದು ಸಣ್ಣ ನರ್ಸರಿ ಇದೆ. ಮಾವಿನ ಕಸಿ ಗಿಡವೇ ಜಾಸ್ತಿ. ಬಾದಾಮಿ, ಮಲ್ಲಿಕಾ, ತೋತಾಪುರಿ, ಸ್ವಲ್ಪ ರಸಪುರಿ. ಇಪ್ಪತ್ತು ವರ್ಷದಿಂದ ಇದೇ ಕೆಲಸ. ಹೆಂಡತಿ ಮನೆಯವರು ಮೂರು ತಲೆಮಾರಿನಿಂದ ಕ್ರೈಸ್ತರು. ನಾನು ದೀಕ್ಷಾಸ್ನಾನ ತಗೊಂಡು ಆರು ವರ್ಷ ಆಯ್ತು.

ಮುಂದಿನ ತಿಂಗಳು ನಮ್ಮ ಸಭೆಯಲ್ಲಿ ಬೆಳೆ ಹಬ್ಬ. "ಬೈಬಲಿನಲ್ಲಿ ಪೌಲ ರೋಮಾಪುರದವರಿಗೆ ಬರೆದ ಪತ್ರದ 11ನೇ ಅಧ್ಯಾಯ ಓದಿಸ್ತೀವಿ. ಕಸಿ ವಿಷಯ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹತ್ತು ನಿಮಿಷ ಮಾತಾಡಿ" ಅಂದರು ಸಭಾಪಾಲಕರು. ಹೂಂ ಅಂದುಬಿಟ್ಟೆ. ಮನೆಗೆ ಬಂದು ಓದಿದ ಮೇಲೆ ತಲೆ ಕೆಟ್ಟುಹೋಯ್ತು.

ಪೌಲ ಹೇಳೋದು ಉಲ್ಟಾ ಇದೆ. ಕಾಡು ಎಣ್ಣೆಮರದ (ಆಲಿವ್ ಮರದ) ಕೊಂಬೆ ತಂದು ಊರ ಎಣ್ಣೆಮರಕ್ಕೆ ಕಸಿ ಕಟ್ಟಿದ ಹಾಗೆ ಅಂತಾನೆ. ಯಾರಾದರೂ ಹಾಗೆ ಮಾಡ್ತಾರಾ? ನಾವು ನಾಟಿ ಓಟೆ ಹಾಕಿ ಗಿಡ ಎಬ್ಬಿಸುತ್ತೇವೆ. ಅದರ ತಲೆ ತೆಗೆದು ಬಾದಾಮಿ ಕಡ್ಡಿ ಕೂರಿಸುತ್ತೇವೆ. ಬೇರು ಒರಟು, ಹಣ್ಣು ಸಿಹಿ. ಪೌಲನ ಲೆಕ್ಕದಲ್ಲಿ ಕಟ್ಟಿದರೆ ಬಾದಾಮಿ ಮರದ ಮೇಲೆ ಹುಳಿ ಕಾಡುಮಾವು ಬಿಡುತ್ತೆ, ಅಷ್ಟೇ. ಬೇರು ಎಷ್ಟೇ ಒಳ್ಳೆಯದಿರಲಿ, ಹಣ್ಣು ಕಡ್ಡಿಯ ತಳಿಯದೇ. ಇದು ನಮ್ಮಲ್ಲಿ ಕವರ್‌ಗೆ ಮಣ್ಣು ತುಂಬೋ ಹುಡುಗನಿಗೂ ಗೊತ್ತು.

ಕೇಳೋಕೆ ಇನ್ನೊಂದು ಕಾರಣ ಇದೆ. ಆರು ವರ್ಷ ಆದರೂ ಸಭೆಯಲ್ಲಿ ನಾನು "ಹೊಸಬರು". ಹೋದ ವರ್ಷ ಬೆಳೆ ಹಬ್ಬದ ಹರಾಜಿನ ಲೆಕ್ಕ ಬರೆಯೋಕೆ ಕೂತಿದ್ದೆ. ಒಬ್ಬ ಹಿರಿಯರು ಬಂದು ನಗುನಗುತ್ತಾನೇ ಪುಸ್ತಕ ತಗೊಂಡರು. "ಇದೆಲ್ಲಾ ಹಳೇ ಮನೆತನದವರು ನೋಡ್ಕೋತಾರೆ, ನೀವು ಗಿಡ ಕೊಟ್ಟಿದ್ದೀರಲ್ಲ, ಸಾಕು" ಅಂದರು. ಅತ್ತ ನಮ್ಮಪ್ಪ ಹಬ್ಬಕ್ಕೆ ಮನೆಗೆ ಹೋದರೆ "ಬಾಪ್ಪ, ಅವರ ಕಡೆಯವನು ಬಂದ" ಅಂತಾರೆ. ಅದೂ ನಗುತ್ತಾನೇ.

ಹಾಗಾಗಿ ಈ ಕಸಿ ಮಾತು ನನಗೆ ಬರೀ ಪ್ರಸಂಗದ ವಿಷಯ ಅಲ್ಲ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

—

ಕಲ್ಲುನೆಲ (ಕೋಲಾರ)

ಅಣ್ಣ, ಉಪಮೆ ಅಂದರೆ ಉಪಮೆ. ಇಷ್ಟು ಕೆದಕಿದರೆ ಯಾವ ಉಪಮೆಯೂ ಉಳಿಯಲ್ಲ. ಪೌಲ ಗುಡಾರ ಹೊಲಿಯೋನು, ಪೇಟೆಯವನು. ತೋಟದ ಕೆಲಸ ಅವನಿಗೇನು ಗೊತ್ತು?

—

ಹಳೇಒಡಂಬಡಿಕೆ (ಚಿಕ್ಕಬಳ್ಳಾಪುರ)

ನಾನು ನಿವೃತ್ತ ಸಭಾಪಾಲಕ. ಈ ಪ್ರಶ್ನೆ ಹೊಸದಲ್ಲ, ನಿಮಗೆ ಬಂದಿದ್ದು ಸಂತೋಷ. ಅದೇ ಅಧ್ಯಾಯದ 24ನೇ ವಚನ ಇನ್ನೊಂದು ಸಲ ಓದಿ. ಈ ಕಸಿ ಸ್ವಭಾವಕ್ಕೆ ವಿರುದ್ಧವಾದದ್ದು ಅಂತ ಪೌಲನೇ ಹೇಳುತ್ತಾನೆ. ಅಂದರೆ ಅವನಿಗೆ ಗೊತ್ತಿತ್ತು. ತೋಟಗಾರ ಮಾಡದ ಕೆಲಸವನ್ನು ದೇವರು ಮಾಡಿದ ಅನ್ನೋದೇ ಅವನ ಮಾತು.

ಇನ್ನೊಂದು ವಿಷಯ ಇದೆ. ಕೊಲುಮೆಲ್ಲ ಅಂತ ಒಬ್ಬ ರೋಮನ್ ಕೃಷಿ ಲೇಖಕ, ಪೌಲನ ಕಾಲದವನೇ. ಕಾಯಿ ಬಿಡದ ಹಳೇ ಎಣ್ಣೆಮರಕ್ಕೆ ತೂತು ಕೊರೆದು ಕಾಡು ಎಣ್ಣೆಮರದ ಹಸಿ ಕಡ್ಡಿ ಬಿಗಿಯಾಗಿ ತುರುಕಿದರೆ ಮರ ಮತ್ತೆ ಫಲ ಕೊಡುತ್ತೆ ಅಂತ ಬರೆದಿದ್ದಾನೆ. ಪೌಲನ ಮನಸ್ಸಿನಲ್ಲಿ ಇದೇ ಇತ್ತು ಅಂತ ಕೆಲವರು ಹೇಳುತ್ತಾರೆ. ನಾನು ಅಷ್ಟು ಒಪ್ಪಲ್ಲ. ಅಲ್ಲಿ ಕಡ್ಡಿಯಿಂದ ಮರಕ್ಕೆ ಉಪಕಾರ. ಪೌಲ ಹೇಳೋದು ಮರದಿಂದ ಕಡ್ಡಿಗೆ ಉಪಕಾರ. ಬೇರು ನಿನ್ನನ್ನು ಹೊತ್ತಿದೆ, ನೀನು ಬೇರನ್ನಲ್ಲ ಅನ್ನೋದು 18ನೇ ವಚನದ ತಾತ್ಪರ್ಯ.

ಚಿಕ್ಕವನಿದ್ದಾಗ ನನಗೆ 'ಎಣ್ಣೆಮರ' ಅಂದರೆ ಹೊಂಗೆಮರ ಅಂತಲೇ ಇತ್ತು. ನಮ್ಮೂರಲ್ಲಿ ಎಣ್ಣೆ ಕೊಡೋ ಮರ ಇನ್ಯಾವುದು? ಯೇಸು ಗೆತ್ಸೇಮನೆ ತೋಟದಲ್ಲಿ ಹೊಂಗೆ ನೆರಳಲ್ಲಿ ಪ್ರಾರ್ಥನೆ ಮಾಡ್ತಾ ಕೂತ ಹಾಗೆ ಕಾಣೋದು. ಈಗಲೂ ಹಾಗೇ ಕಾಣುತ್ತೆ.

—

ದ್ರಾಕ್ಷಿಚಪ್ಪರ (ಚಿಕ್ಕಬಳ್ಳಾಪುರ)

ನಾನು ಕ್ರೈಸ್ತ ಅಲ್ಲ. ಗಿಡದ ವಿಷಯ ಅಂತ ಒಳಗೆ ಬಂದೆ, ತಪ್ಪಿದ್ದರೆ ಹೇಳಿ. ಮಿಷನ್ ಶಾಲೆಯಲ್ಲಿ ಓದಿದವನು, ಹಾಗಾಗಿ ದ್ರಾಕ್ಷಿ ಬಳ್ಳಿಯ ಪಾಠ ಗೊತ್ತು. ನಾನೇ ಬಳ್ಳಿ, ನೀವು ಕೊಂಬೆಗಳು ಅಂತ ಯೇಸು ಹೇಳೋದು. ಆಗ ಬಾಯಿಪಾಠ ಮಾಡಿದ್ದೆ. ಅರ್ಥ ಆಗಿದ್ದು ಅಪ್ಪನ ಎರಡು ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಕೈಗೆ ಬಂದ ಮೇಲೆ.

ನೋಡದವರಿಗೆ ಹೇಳ್ತೀನಿ. ನಮ್ಮಲ್ಲಿ ಕಟಿಂಗ್ ವರ್ಷಕ್ಕೆ ಎರಡು ಸಲ, ಬೆಳೆಯೂ ಎರಡು. ಕಟಿಂಗ್ ದಿನ ಚಪ್ಪರದ ಕೆಳಗೆ ನಿಂತರೆ ಬೆಳಿಗ್ಗೆ ನೆರಳು, ಸಂಜೆಗೆ ಬರೀ ಆಕಾಶ. ಎಲೆ ಎಲ್ಲಾ ನೆಲದಲ್ಲಿ. ಹೊಸದಾಗಿ ನೋಡಿದವರು ತೋಟ ಹಾಳಾಯ್ತು ಅಂತಾರೆ. ಮಾರನೇ ದಿನ ಕತ್ತರಿಸಿದ ತುದಿಯಿಂದ ನೀರು ತೊಟ್ಟಿಕ್ಕುತ್ತೆ. ಟಪ್, ಟಪ್ ಅಂತ ತಲೆ ಮೇಲೆ ಬೀಳುತ್ತೆ. ಅಮ್ಮ "ಬಳ್ಳಿ ಅಳ್ತಾ ಇದೆ" ಅನ್ನೋರು. ಹಾಗಂತ ಬಿಡೋಕಾಗಲ್ಲ. ಹಣ್ಣು ಬರೋದು ಹೊಸ ಚಿಗುರಿನಲ್ಲಿ. ಕತ್ತರಿಸದೆ ಬಿಟ್ಟರೆ ಸೊಪ್ಪು ಬೆಳೆಯುತ್ತೆ, ಮೇಕೆಗೆ ಆಗುತ್ತೆ. ಕಟಿಂಗ್ ಆಗಿ ಸುಮಾರು ನಾಲ್ಕು ತಿಂಗಳಿಗೆ ಗೊಂಚಲು ಕಪ್ಪಾಗುತ್ತೆ.

ವಿಜಯಪುರದ ಕಡೆ ಇದಕ್ಕೆ ಚಾಟ್ನಿ ಅಂತಾರೆ. ಅಲ್ಲಿ ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು. ಏಪ್ರಿಲ್‌ದು ಬರೀ ಕಡ್ಡಿ ಬಲಿಯೋಕೆ, ಅದರಿಂದ ಹಣ್ಣಿಲ್ಲ. ನಮ್ಮ ಕಡೆ ಪ್ರಸಂಗ ಮಾಡೋರು ಅದನ್ನು ಒಂದು ಸಲ ನೋಡಬೇಕು. ಹಣ್ಣಿಲ್ಲದ ಕಟಿಂಗೂ ಇರುತ್ತೆ.

—

ಹಳೇಒಡಂಬಡಿಕೆ

ಚಪ್ಪರದವರೇ, ತಪ್ಪೇನಿಲ್ಲ, ಹೀಗೇ ಬರೆಯಿರಿ. ನಿಮ್ಮ ಮಾತಿಗೆ ಒಂದು ಸೇರಿಸ್ತೀನಿ. ಯೋಹಾನನ ಸುವಾರ್ತೆಯ ಆ ಪಾಠದಲ್ಲಿ ಗ್ರೀಕ್‌ನಲ್ಲಿ ಎರಡು ಕ್ರಿಯಾಪದ ಪ್ರಾಸ ಆಗುತ್ತವೆ. ಫಲ ಕೊಡದ ಕೊಂಬೆಗೆ 'ಐರೆಯ್', ಅಂದರೆ ತೆಗೆದುಹಾಕು. ಫಲ ಕೊಡೋದಕ್ಕೆ 'ಕಥೈರೆಯ್', ಅಂದರೆ ಶುದ್ಧಿ ಮಾಡು. ಕತ್ತರಿಸು ಅಂತ ಅಲ್ಲಿ ನೇರವಾಗಿ ಇಲ್ಲ. ಶುಚಿ ಮಾಡು ಅಂತ ಇದೆ.

—

ದ್ರಾಕ್ಷಿಚಪ್ಪರ

ಸರ್, ನಮ್ಮ ಆಳುಗಳೂ "ಬಳ್ಳಿ ಕ್ಲೀನ್ ಮಾಡೋಣ" ಅಂತಾನೇ ಹೇಳೋದು! ಗ್ರೀಕ್ ಕಲಿತಿದ್ದಾರೆ ಅಂತ ಗೊತ್ತಿರಲಿಲ್ಲ.

—

ಕಸಿಕತ್ತಿ

ಅಯ್ಯನವರೇ, 24ನೇ ವಚನ ನನ್ನ ಕಣ್ಣು ತಪ್ಪಿತ್ತು. ಥ್ಯಾಂಕ್ಸ್. ಆದರೂ ನಿಜ ಹೇಳ್ತೀನಿ, ನನಗೆ ನರ್ಸರಿಯ ಕಸಿಯೇ ಇಷ್ಟ. ಅದರಲ್ಲಿ ಬೇರು ನಾಟಿಯದು. ಅಂದರೆ ನಮ್ಮಪ್ಪನದು. ನಮ್ಮ ಮನೇಲಿ ತೆಲುಗು. ಅಜ್ಜಿ ಹೇಳಿದ ಗಾದೆ, ರಾಗಿ ಬಿತ್ತನೆಗೆ ಮೋಡ ನೋಡೋದು, ಓಟೆ ಆರಿಸೋದು ಎಲ್ಲಾ ಆ ಬೇರಿಂದ ಬಂದದ್ದು. ಅದರ ಮೇಲೆ ಕೂತ ಕಡ್ಡಿ ಹೊಸದು. ಎರಡೂ ಸೇರಿ ಒಂದು ಗಿಡ. ಪೌಲನ ಕಸಿಯಲ್ಲಿ ನನ್ನ ಬೇರೇ ಹೋಯ್ತಲ್ಲ? ಯಾರದೋ ಬೇರಿನ ಮೇಲೆ ನಾನು ಕಡ್ಡಿ ಮಾತ್ರ. ಅದಕ್ಕೇ ಹಳೇ ಮನೆತನದವರು "ಗಿಡ ಕೊಟ್ಟರೆ ಸಾಕು" ಅನ್ನೋದು.

—

ಕಲ್ಲುನೆಲ

ಈಗ ನಿಜವಾದ ಮಾತು ಬಂತು. ಕೋಪ ಮಾಡ್ಕೋಬೇಡಿ. ನಮ್ಮ ಜಿಲ್ಲೆಗೆ ನೀಲಗಿರಿ ಬಂತು. ಬೇಗ ಬೆಳೀತು, ದುಡ್ಡು ಬಂತು. ಕೆಳಗಿನ ನೀರೆಲ್ಲಾ ಹೋಯ್ತು, ಅದರಡಿ ಹುಲ್ಲು ಹುಟ್ಟಲ್ಲ ಅಂತ ಈಗ ಬೈತೀವಿ. ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡಬಾರದು ಅಂತು. ನಿಮ್ಮ ಧರ್ಮಾನೂ ಹಾಗೇ ಹೊರಗಿನ ಸಸಿ ಅಂತ ಬಹಳ ಜನಕ್ಕೆ ಅನಿಸುತ್ತೆ. ಅದನ್ನು ಬೇರು, ಕಡ್ಡಿ ಅಂತ ಎಷ್ಟು ಹೇಳಿದರೂ ಕೇಳೋರು ನೀಲಗಿರಿ ಅಂತಾನೇ ಕೇಳಿಸ್ಕೋತಾರೆ.

—

ದ್ರಾಕ್ಷಿಚಪ್ಪರ

ಹಾಗಾದರೆ ಕೋಲಾರದ ಮಾರ್ಕೆಟ್‌ನಲ್ಲಿ ಲಾರಿಗಟ್ಟಲೆ ಹೋಗುತ್ತಲ್ಲ ಟೊಮೆಟೊ, ಅದು ಯಾರ ತಾತಂದು? ದಕ್ಷಿಣ ಅಮೆರಿಕದಿಂದ ಬಂದದ್ದು. ಹಸಿಮೆಣಸಿನಕಾಯಿ, ಆಲೂಗಡ್ಡೆ ಎಲ್ಲಾ ಆ ಕಡೆಯವೇ. ರಾಗಿ ಆಫ್ರಿಕಾದಿಂದ ಬಂತು, ಸಾವಿರಾರು ವರ್ಷದ ಹಿಂದೆ. ನನ್ನ ಬೆಂಗಳೂರು ಬ್ಲೂ ರಕ್ತದಲ್ಲಿ ಅಮೆರಿಕದ ದ್ರಾಕ್ಷಿ ಇದೆ. ಆದರೂ ಅದಕ್ಕೆ ನಮ್ಮೂರ ಹೆಸರಲ್ಲೇ ಜಿಐ ಟ್ಯಾಗ್ ಕೊಟ್ಟಿದ್ದಾರೆ. ಎಲ್ಲಿಂದ ಬಂತು ಅನ್ನೋದು ಒಂದು. ಇಲ್ಲಿ ಬಂದು ಏನು ಮಾಡ್ತು ಅನ್ನೋದು ಇನ್ನೊಂದು. ನೀಲಗಿರಿಗೆ ಬೈಯೋದು ಅದು ಪರದೇಶಿ ಅಂತಲ್ಲ ಸ್ವಾಮಿ, ನೀರು ಕುಡಿದು ಬೇರೆಯವರಿಗೆ ಉಳಿಸಲಿಲ್ಲ ಅಂತ.

—

ಕಲ್ಲುನೆಲ

ಆ ಕೊನೇ ಮಾತು ಒಪ್ಪಿದೆ. ಅದು ಎಲ್ಲಾ ಧರ್ಮಕ್ಕೂ ಅನ್ವಯ ಆಗುತ್ತೆ ಅಂತ ಬರೆದಿಟ್ಕೊಳ್ಳಿ.

—

ನಿರ್ವಾಹಕ

ಚರ್ಚೆ ಗಿಡದ ಸುತ್ತ ಇರಲಿ. ಧರ್ಮಗಳನ್ನು ತೂಕಕ್ಕೆ ಹಾಕೋದು ಬೇಡ. ಇಲ್ಲಿಯವರೆಗೆ ಎಲ್ಲರೂ ಮರ್ಯಾದೆಯಿಂದ ಬರೆದಿದ್ದೀರಿ, ಹಾಗೇ ಇರಲಿ.

—

ಹಳೇಒಡಂಬಡಿಕೆ

ಕಸಿಕತ್ತಿ ಅವರೇ, ಎರಡು ದಿನ ನಿಮ್ಮ ಮಾತೇ ತಲೆಯಲ್ಲಿತ್ತು. ಪೌಲನ ಮರದಲ್ಲಿ ಬೇರು ಯಾರು ಅಂತ ನೀವು ಬೇಗ ತೀರ್ಮಾನ ಮಾಡಿಬಿಟ್ಟಿರಿ. ಅದು ನಿಮ್ಮ ಸಭೆಯ ಹಳೇ ಮನೆತನ ಅಲ್ಲ. ಮಿಷನರಿಗಳೂ ಅಲ್ಲ. ಅಬ್ರಹಾಮ, ಇಸಾಕ, ಯಾಕೋಬ. ಹುಟ್ಟುಕೊಂಬೆಗಳು ಯೆಹೂದ್ಯರು. ಮಿಕ್ಕವರೆಲ್ಲಾ ಕಾಡುಕೊಂಬೆಗಳೇ. ರೋಮ್‌ನವರು, ಗ್ರೀಕರು, ಆಮೇಲೆ ಇಂಗ್ಲಿಷರು, ಅಮೆರಿಕದವರು, ಎಲ್ಲರೂ. ನಮ್ಮ ಊರುಗಳಿಗೆ ಬಂದ ಮಿಷನರಿ ಕೂಡ ಕಸಿ ಕಟ್ಟಿದ ಕಾಡು ಕಡ್ಡಿಯೇ.

ಈಗ ನಮ್ಮ ಕಡೆಯ ಕಥೆ ನೋಡಿ. 1876–78ರ ದೊಡ್ಡ ಬರದಲ್ಲಿ ಮೈಸೂರು ಸೀಮೆಯಲ್ಲಿ ಊರುಗಳೇ ಖಾಲಿಯಾದವು. ಕೋಲಾರದ ಮಿಷನ್‌ನಲ್ಲಿ ಬೆಳೆದ ಅನಾಥ ಮಕ್ಕಳು ಬಹಳ ಜನ. ಅಪ್ಪ ಅಮ್ಮ ಸತ್ತು, ಊರ ಹೆಸರೂ ಸರಿಯಾಗಿ ಹೇಳೋಕೆ ಬರದ ಮಕ್ಕಳು. ಇವತ್ತು ನಾಲ್ಕೈದು ತಲೆಮಾರಿನ ಹೆಮ್ಮೆ ಹೇಳೋ ಎಷ್ಟೋ ಮನೆಗಳು ಹುಡುಕುತ್ತಾ ಹೋದರೆ ಅಂಥ ಒಂದು ಮಗುವಿನ ಹತ್ತಿರ ಹೋಗಿ ನಿಲ್ಲುತ್ತವೆ. ನನ್ನ ಮನೆಯೂ ಹಾಗೇ. ಮುತ್ತಜ್ಜ ಯಾವ ಊರಿನವನು ಅಂತ ಇವತ್ತಿಗೂ ಗೊತ್ತಿಲ್ಲ.

ಹಾಗಾಗಿ ನಿಮ್ಮ ಸಭೆಯ ಹಿರಿಯರು ಹುಟ್ಟುಕೊಂಬೆ ಅಲ್ಲ. ನಿಮಗಿಂತ ಮುಂಚಿನ ಮಳೆಗಾಲದಲ್ಲಿ ಕಟ್ಟಿದ ಕಸಿ. ಅಷ್ಟೇ ವ್ಯತ್ಯಾಸ.

ಇನ್ನು ನಿಮ್ಮಪ್ಪನ ಬೇರು ಹೋಯ್ತು ಅಂದಿರಿ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಪೌಲನಿಗೂ ಅದೇ ಸಂಕಟ ಇತ್ತು ಅಂತ ಮಾತ್ರ ಹೇಳಬಲ್ಲೆ. ಅದಕ್ಕೆ ಎರಡು ಅಧ್ಯಾಯ ಹಿಂದೆ, 9ರ ಶುರುವಿನಲ್ಲಿ, ತನ್ನ ಜನಕ್ಕೋಸ್ಕರ ಹೊಟ್ಟೆ ಕಿವುಚಿದ ಹಾಗೆ ಬರೀತಾನೆ. 11ನ್ನು ಅದರ ಜೊತೆಗೇ ಓದಬೇಕು.

—

ಗುಬ್ಬಿಹಲಸು (ತುಮಕೂರು)

ಬೇರು ಯಾರದು ಅನ್ನೋ ಮಾತಿಗೆ ನಮ್ಮ ಕಡೆಯದೂ ಒಂದು. ಗುಬ್ಬಿ ತಾಲ್ಲೂಕು ಚೇಳೂರಿನ ಸಿದ್ದು ಹಲಸು ಕೇಳಿರ್ತೀರಿ. ತೊಳೆ ತಾಮ್ರದ ಬಣ್ಣ. ಆ ಮರ ಇರೋ ತೋಟದ ರೈತರ ತಂದೆ ಎಷ್ಟೋ ವರ್ಷದ ಹಿಂದೆ ನೆಟ್ಟದ್ದು, ಅವರ ಹೆಸರೇ ತಳಿಗೆ ಬಂತು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಂದು ನೋಡಿ, ಕಸಿ ಗಿಡ ಮಾಡಿ ಕೊಟ್ಟರು. ಈಗ ಎಲ್ಲೆಲ್ಲೋ ಇದೆ. ನಮ್ಮ ಹಿತ್ತಲಲ್ಲೂ ಒಂದಿದೆ.

ನನಗೆ ಇಷ್ಟ ಆಗೋದು ಇದು. ಊರೂರಲ್ಲಿ ಇರೋ ಆ ಗಿಡಗಳೆಲ್ಲಾ ಮೇಲಿಂದ ಒಂದೇ ಮರ. ಮಕ್ಕಳಲ್ಲ, ಮೊಮ್ಮಕ್ಕಳಲ್ಲ, ಅದೇ ಮರ. ಕೆಳಗೆ ಬೇರು ಮಾತ್ರ ಒಂದೊಂದು ಊರಲ್ಲಿ ಒಂದೊಂದು ಓರೆ ಕೋರೆ ನಾಟಿ ಬೀಜದ್ದು. ಒಂದೇ ದೇಹ, ಅಂಗಗಳು ಅನೇಕ ಅಂತ ಓದುವಾಗ ನನಗೆ ಈ ಹಲಸೇ ನೆನಪಾಗುತ್ತೆ. ಪೌಲನ ಕಸಿ ಒಂದು ಚಿತ್ರ, ನರ್ಸರಿ ಕಸಿ ಇನ್ನೊಂದು. ಎರಡೂ ಯಾಕೆ ಇರಬಾರದು? ಸುವಾರ್ತೆಯಲ್ಲಿ ದೇವರ ರಾಜ್ಯ ಒಂದು ಕಡೆ ಸಾಸಿವೆ, ಇನ್ನೊಂದು ಕಡೆ ಹುಳಿ ಹಿಟ್ಟು. ಯಾರೂ ಜಗಳ ಆಡಲ್ಲ.

ಒಂದು ಸಲಹೆ. ಭಾಷಣ ಮಾಡಬೇಡಿ. ಒಂದು ಕಸಿ ಕಟ್ಟಿ ತೋರಿಸಿ.

—

ಕಸಿಕತ್ತಿ

ಅಕ್ಕ, ಇದು ಹೊಳೆದೇ ಇರಲಿಲ್ಲ. ಮಾಡಬಹುದು. ಕಸಿ ಕೆಲಸ ಜಾಸ್ತಿ ನಡೆಯೋದು ಮಳೆಗಾಲದಲ್ಲಿ, ಜೂನ್‌ನಿಂದ ಸೆಪ್ಟೆಂಬರ್. ನಮ್ಮ ಹಬ್ಬ ಸ್ವಲ್ಪ ತಡ, ಆದರೂ ನೆರಳುಮನೆಯಲ್ಲಿ ಇಟ್ಟರೆ ಹತ್ತುತ್ತೆ.

ಹೇಗೆ ತೋರಿಸೋದು ಅಂತ ಇಲ್ಲೇ ಬರೆದುಕೊಳ್ತೀನಿ, ನನಗೂ ಅಭ್ಯಾಸ ಆಗುತ್ತೆ. ಕಡ್ಡಿ ಆರಿಸೋದು ಮೂರು ನಾಲ್ಕು ತಿಂಗಳು ಬಲಿತದ್ದು, ಪೆನ್ಸಿಲ್ ದಪ್ಪ. ಕತ್ತರಿಸೋಕೆ ಒಂದು ವಾರ ಹತ್ತು ದಿನ ಮುಂಚೆ ತಾಯಿಮರದ ಮೇಲೇ ಅದರ ಎಲೆ ತೆಗೀತೀವಿ, ತೊಟ್ಟು ಮಾತ್ರ ಬಿಡ್ತೀವಿ. ಆ ತೊಟ್ಟು ಬೆರಳು ತಾಕಿಸಿದರೆ ಉದುರಬೇಕು, ತುದಿ ಮೊಗ್ಗು ಉಬ್ಬಿರಬೇಕು. ಆಗ ಕಡ್ಡಿ ಸಿದ್ಧ. ನಾಟಿ ಗಿಡದ ತಲೆ ಕತ್ತರಿಸಿ, ಕಾಂಡದ ನಡುವೆ ಒಂದೂವರೆ ಅಂಗುಲ ಸೀಳ್ತೀವಿ. ಕಡ್ಡಿಯ ಬುಡ ಎರಡೂ ಕಡೆ ಓರೆಯಾಗಿ ಕೆತ್ತಿ, ಸೀಳಿನೊಳಗೆ ಇಳಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತೋದು. ಮೇಲೆ ಐಸ್‌ಕ್ಯಾಂಡಿ ಕವರ್ ಟೋಪಿ. ಎರಡು ಮೂರು ವಾರಕ್ಕೆ ಚಿಗುರುತ್ತೆ.

ಒಂದು ಗುಟ್ಟು. ಕಡ್ಡಿ, ಗಿಡ ಎರಡೂ ಯಾವತ್ತೂ ಒಂದೇ ದಪ್ಪ ಸಿಗಲ್ಲ. ಹೊಸ ಹುಡುಗರು ಕಡ್ಡೀನ ನಡುಮಧ್ಯೆ ಕೂರಿಸ್ತಾರೆ, ನೋಡೋಕೆ ಚೆಂದ. ಒಣಗಿಹೋಗುತ್ತೆ. ಯಾಕೆಂದರೆ ಕೂಡೋದು ಮರ ಅಲ್ಲ, ಸಿಪ್ಪೆಯ ಒಳಗಿನ ಹಸಿರು ಪದರ. ಹಾಗಾಗಿ ಒಂದು ಪಕ್ಕಕ್ಕೆ ಸರಿಸಿ, ಸಿಪ್ಪೆಗೆ ಸಿಪ್ಪೆ ಸೇರಿಸಬೇಕು. ಇನ್ನೊಂದು ಪಕ್ಕ ಖಾಲಿ ಕಂಡರೂ ಚಿಂತೆ ಇಲ್ಲ. ಒಂದು ಕಡೆ ಕೂಡಿದರೆ ಸಾಕು, ಮಿಕ್ಕದ್ದು ಆಮೇಲೆ ತಾನೇ ತುಂಬಿಕೊಳ್ಳುತ್ತೆ. ನನಗೆ ಇದನ್ನು ಕಲಿಸಿದ್ದು ನಮ್ಮಪ್ಪ.

—

ರೀಫ್ಸ್_ಟೀಚರ್ (ಕೆಜಿಎಫ್)

ಬಹಳ ದಿನದಿಂದ ಸುಮ್ನೆ ಓದುತ್ತಿದ್ದೆ. ನಾವು ಕಥೋಲಿಕರು, ಚಾಂಪಿಯನ್ ರೀಫ್ಸ್. ಮನೇಲಿ ತಮಿಳು, ನನ್ನ ಕನ್ನಡದಲ್ಲಿ ತಪ್ಪಿದ್ದರೆ ತಿದ್ದಿಕೊಳ್ಳಿ. ನಮ್ಮವರು ಚಿನ್ನದ ಗಣಿಯಲ್ಲಿದ್ದರು. 2001ರಲ್ಲಿ ಗಣಿ ಮುಚ್ಚಿತು. ಇಲ್ಲಿ ತೋಟ ಅಂದರೆ ಡ್ರಮ್ಮು, ಬಕೆಟ್ಟು. ಗಾಳಿಕಾಲದಲ್ಲಿ ಸೈನೈಡ್ ದಿಬ್ಬದ (ಗಣಿಯ ತ್ಯಾಜ್ಯದ ರಾಶಿ) ಧೂಳು ಎಲೆ ಮೇಲೆಲ್ಲಾ ಕೂರುತ್ತೆ, ದಿನಾ ಬಟ್ಟೆಯಲ್ಲಿ ಒರೆಸಬೇಕು. ಮಣ್ಣು ಹೊರಗಿನಿಂದ ಚೀಲದಲ್ಲಿ ತರಿಸೋದು. ಎರೆಮೀಯ ಪ್ರವಾದಿ ಸೆರೆ ಹೋದ ಜನಕ್ಕೆ ಪತ್ರ ಬರೀತಾನಲ್ಲ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ ಅಂತ. ಗಣಿ ಮುಚ್ಚಿ ಎಲ್ಲರೂ ಬೆಂಗಳೂರಿಗೆ ರೈಲು ಹತ್ತುವಾಗ ನಾನು ಆ ಮಾತು ಹಿಡಿದುಕೊಂಡು ಇಲ್ಲೇ ಉಳಿದೆ.

ನಾನು ಕೇಳಬೇಕಾದ್ದು ಬೇರೆ. ಮುರಿದುಹೋದ ಕೊಂಬೆಗಳನ್ನು ದೇವರು ಮತ್ತೆ ಕಸಿ ಕಟ್ಟಬಲ್ಲನು ಅಂತ ಅದೇ ಅಧ್ಯಾಯದಲ್ಲಿ ಇದೆ. ನನ್ನ ಮಗ ಚರ್ಚಿಗೆ ಬಂದು ಹನ್ನೊಂದು ವರ್ಷ ಆಯ್ತು. ಜಗಳ ಏನಿಲ್ಲ, ಫೋನ್ ಮಾಡ್ತಾನೆ, ದುಡ್ಡು ಕಳಿಸ್ತಾನೆ. ಆ ಮಾತು ಎತ್ತಿದರೆ ಮಾತ್ರ "ಅಮ್ಮ, ಸಿಗ್ನಲ್ ಸರಿ ಇಲ್ಲ" ಅಂತಾನೆ. ಕತ್ತರಿಸಿದ ಕಡ್ಡಿ ಎಷ್ಟು ದಿನ ಹಸಿಯಾಗಿರುತ್ತೆ ಅಣ್ಣ?

—

ಕಸಿಕತ್ತಿ

ಅಮ್ಮ, ಸುಳ್ಳು ಹೇಳಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿ ಇಟ್ಟರೆ ಕೆಲವು ದಿನ. ಬಾಳೆ ದಿಂಡಿನಲ್ಲಿಟ್ಟು ದೂರದ ಊರಿಗೆ ಕಳಿಸಿದ್ದೂ ಇದೆ. ಅದಕ್ಕಿಂತ ಜಾಸ್ತಿ ಆದರೆ ನನ್ನ ಕೈಯಲ್ಲಿ ಆಗಲ್ಲ. ಹನ್ನೊಂದು ವರ್ಷದ ಕಡ್ಡಿ ಯಾವ ಕಸಿಯವನೂ ಮುಟ್ಟಲ್ಲ.

ಆದರೆ ನೀವು ಕೇಳಿದ ವಚನದಲ್ಲಿ ಕಟ್ಟೋದು ಕಸಿಯವನಲ್ಲ ಅಂತ ಇದೆ. ಅಲ್ಲಿಗೆ ನನ್ನ ಕೆಲಸದ ತಿಳಿವಳಿಕೆ ಮುಗೀತು. ಇನ್ನೊಂದು ಹೇಳ್ತೀನಿ, ಇದು ಕಣ್ಣಾರೆ ಕಂಡದ್ದು. ಒಣಗಿತು ಅಂತ ಮೂಲೆಗೆ ಎಸೆದ ಕಸಿ ಗಿಡಗಳಲ್ಲಿ ಒಂದೊಂದು ಸಲ ಮಳೆ ಬಿದ್ದ ಮೇಲೆ ಟೋಪಿಯೊಳಗೆ ಚಿಗುರು ಇರುತ್ತೆ. ಅದಕ್ಕೇ ನಾನು ಎಸೆಯೋ ಮುಂಚೆ ಉಗುರಿನಿಂದ ಸ್ವಲ್ಪ ಕೆರೆದು ನೋಡ್ತೀನಿ. ಒಳಗೆ ಹಸಿರು ಇದ್ದರೆ ಬಿಡ್ತೀನಿ. ಫೋನ್ ಮಾಡ್ತಾರೆ ಅಂದಿರಲ್ಲ.

—

ರೀಫ್ಸ್_ಟೀಚರ್

ಮಾಡ್ತಾನೆ. ಭಾನುವಾರಾನೇ ಮಾಡ್ತಾನೆ, ನಾನು ಪೂಜೆ ಮುಗಿಸಿ ಬರೋ ಹೊತ್ತಿಗೆ. ಇದನ್ನು ನಾನು ಇಷ್ಟು ದಿನ ಗಮನಿಸಿರಲಿಲ್ಲ.

—

ಗುಬ್ಬಿಹಲಸು

ಟೀಚರ್, ಸರಿಯಾಗಿ ಹೇಳಿದಿರಿ. ಓದ್ತಾ ಕಣ್ಣು ತುಂಬಿತು.

—

ಹೆಂಚಿನಮನೆ (ಮಂಗಳೂರು)

ನಮ್ಮಲ್ಲಿ ಸೆಪ್ಟೆಂಬರ್ 8ರಂದು ಮೊಂತಿ ಹಬ್ಬಕ್ಕೆ ಹೊಸ ಭತ್ತದ ತೆನೆ ಆಶೀರ್ವದಿಸಿ ಮನೆಮನೆಗೆ ತರುತ್ತೇವೆ. ಕೋಲಾರದ ಕಡೆ ರಾಗಿ ತೆನೆ ತರ್ತಾರಾ? ಕುತೂಹಲಕ್ಕೆ ಕೇಳಿದೆ.

—

ಕಸಿಕತ್ತಿ

ನಮ್ಮ ಸಭೆಯಲ್ಲಿ ರಾಗಿ, ಅವರೆ, ಕುಂಬಳಕಾಯಿ, ಕೋಳಿ, ಮೊಟ್ಟೆ, ರೇಷ್ಮೆಗೂಡು ಎಲ್ಲಾ ಬರುತ್ತೆ. ಆರಾಧನೆ ಆದ ಮೇಲೆ ಹರಾಜು. ಒಂದು ಕುಂಬಳಕಾಯಿ ಮೂರು ಸಲ ಹರಾಜಾಗುತ್ತೆ. ಕೊಂಡವರು ಮತ್ತೆ ಅಲ್ಲೇ ಇಡ್ತಾರೆ. ಕೆ.ಸಿ. ವ್ಯಾಲಿ ನೀರು 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರ್ತಾ ಇದೆಯಲ್ಲ, ಆ ನೀರಲ್ಲಿ ಬೆಳೆದ ಸೊಪ್ಪು ದೇವರ ಮುಂದೆ ಇಡಬಹುದಾ ಅಂತ ಒಂದು ವರ್ಷ ದೊಡ್ಡ ವಾದ ಆಗಿತ್ತು. ಬೆಂಗಳೂರಿನ ಕೊಳಚೆ ಶುದ್ಧಿ ಮಾಡಿದ ನೀರು ಅಂತ. ಕೊನೆಗೆ ಇಟ್ಟರು. ಆ ಸೊಪ್ಪಿಗೇ ಜಾಸ್ತಿ ರೇಟು ಬಂತು.

—

ಹಳೇಒಡಂಬಡಿಕೆ

ಕಸಿಯವರಿಗೆ ಒಂದು ಪ್ರಶ್ನೆ. ಯಾಜಕಕಾಂಡ 19ರಲ್ಲಿ ಹಣ್ಣಿನ ಮರ ನೆಟ್ಟರೆ ಮೊದಲ ಮೂರು ವರ್ಷ ಫಲ ತಿನ್ನಬಾರದು, ನಾಲ್ಕನೇ ವರ್ಷದ್ದು ದೇವರಿಗೆ, ಐದನೇ ವರ್ಷದ್ದು ನಿಮಗೆ ಅಂತ ನಿಯಮ ಇದೆ. ತೋಟಗಾರಿಕೆಯಲ್ಲಿ ಇದಕ್ಕೆ ಅರ್ಥ ಇದೆಯಾ?

—

ಕಸಿಕತ್ತಿ

ಇದೆ ಅಯ್ಯನವರೇ! ಕಸಿ ಗಿಡ ನೆಟ್ಟ ಮಾರನೇ ವರ್ಷವೇ ಹೂ ಬಿಡುತ್ತೆ. ಮೊದಲ ಮೂರು ವರ್ಷ ಆ ಹೂ ಕಿತ್ತುಹಾಕಿ ಅಂತ ಪ್ರತಿಯೊಬ್ಬರಿಗೂ ಹೇಳಿ ಕಳಿಸ್ತೀನಿ. ಕಾಯಿ ಬಿಟ್ಟುಕೊಂಡರೆ ಗಿಡ ಸೊರಗುತ್ತೆ, ಬೇರು ಇಳಿಯಲ್ಲ, ರೆಂಬೆ ಬರಲ್ಲ. ಹತ್ತು ಜನಕ್ಕೆ ಹೇಳಿದರೆ ಎಂಟು ಜನ ಕೀಳಲ್ಲ. ಮೊಣಕಾಲುದ್ದದ ಗಿಡದಲ್ಲಿ ಒಂದು ಬಾದಾಮಿ ನೇತಾಡೋ ಫೋಟೋ ಕಳಿಸ್ತಾರೆ, ಸಂತೋಷದಿಂದ. ನಾನೇನು ಹೇಳಲಿ?

ಇದನ್ನು ಓದಿ ಒಂದು ನೆನಪಾಯ್ತು. ದೀಕ್ಷಾಸ್ನಾನ ಆದ ಮೂರನೇ ತಿಂಗಳಿಗೆ ನನ್ನನ್ನು ಊರೂರು ಕರೆದುಕೊಂಡು ಹೋಗಿ ಸಾಕ್ಷಿ ಹೇಳಿಸಿದರು. ವೇದಿಕೆ, ಮೈಕು. ನಮ್ಮಪ್ಪನ ಬಗ್ಗೆ, ಮನೆ ದೇವರ ಬಗ್ಗೆ ಏನೇನೋ ಮಾತಾಡಿದೆ. ಜನ ಚಪ್ಪಾಳೆ ಹೊಡೆದರು. ಅದು ಯಾರೋ ಫೋನಿನಲ್ಲಿ ರೆಕಾರ್ಡ್ ಮಾಡಿ ನಮ್ಮಪ್ಪನಿಗೆ ತೋರಿಸಿದರು. ಅವರು ಒಂದು ಮಾತೂ ಆಡಲಿಲ್ಲ. ಆ ವರ್ಷ ಕಡ್ಡಿ ಕಟ್ಟೋಕೆ ನರ್ಸರಿಗೆ ಬರಲಿಲ್ಲ ಅಷ್ಟೇ. ಆ ಹೂವನ್ನು ಯಾರಾದರೂ ಕಿತ್ತುಹಾಕಬೇಕಿತ್ತು.

—

ಕಲ್ಲುನೆಲ

ಅಣ್ಣ, ಈ ಮಾತು ಆ ಮೈಕ್ ಕೊಟ್ಟವರ ಮುಂದೆಯೂ ಹೇಳಿ.

—

ಕಸಿಕತ್ತಿ

ಹಬ್ಬ ಆಯ್ತು. ಏನಾಯ್ತು ಅಂತ ಕೇಳಿದ್ದೀರಿ, ಬರೀತೀನಿ.

ಅಪ್ಪನನ್ನು ಕರೆದಿದ್ದೆ. "ನಾನು ಒಳಗೆ ಬರಲ್ಲ" ಅಂದರು. ಸರಿ, ಹೊರಗೇ ಮಾಡೋಣ ಅಂತ ಸಭಾಪಾಲಕರು ಹರಾಜಿನ ಶಾಮಿಯಾನದ ಕೆಳಗೆ ಮೇಜು ಹಾಕಿಸಿದರು. ಅಪ್ಪ ಹುಣಸೆಮರದ ಹತ್ತಿರ ನಿಂತಿದ್ದರು. ನಾನು ಎರಡು ಮಾತು ಹೇಳಿದೆ. ಇಲ್ಲಿರೋ ನಾವ್ಯಾರೂ ಹುಟ್ಟುಕೊಂಬೆ ಅಲ್ಲ, ಬೇರೆ ಬೇರೆ ಮಳೆಗಾಲದಲ್ಲಿ ಕಟ್ಟಿದ ಕಸಿಗಳು ಅಂದೆ. ಲೆಕ್ಕದ ಪುಸ್ತಕದ ಹಿರಿಯರು ಮುಂದಿನ ಸಾಲಿನಲ್ಲೇ ಇದ್ದರು. ಅವರ ಮುಖ ನೋಡಲಿಲ್ಲ, ಧೈರ್ಯ ಬರಲಿಲ್ಲ.

ಆಮೇಲೆ ಕಸಿಗೆ ಕೈ ಹಾಕಿದೆ. ಎಲ್ಲರೂ ಸುತ್ತ ನಿಂತಿದ್ದಾರೆ, ಕೈ ನಡುಗೋಕೆ ಶುರುವಾಯ್ತು. ಕಡ್ಡಿಯನ್ನು ಹೊಸ ಹುಡುಗನ ಹಾಗೆ ನಡುಮಧ್ಯೆ ಕೂರಿಸಿಬಿಟ್ಟೆ. ಹಿಂದಿನಿಂದ ಅಪ್ಪನ ದನಿ.

"ಪಕ್ಕಕ್ಕೆ ಸರಿಸೋ."

ಯಾವಾಗ ಹತ್ತಿರ ಬಂದಿದ್ದರೋ ಗೊತ್ತಿಲ್ಲ. ನನ್ನ ಕೈಯಿಂದ ತಗೊಂಡು, ಕಡ್ಡಿ ಸರಿಸಿ, ತಾವೇ ಪಟ್ಟಿ ಸುತ್ತಿದರು. ಪಟ್ಟಿಯ ತುದಿಯನ್ನು ಹಲ್ಲಲ್ಲಿ ಹಿಡಿದು ಎಳೆದರು, ಮೊದಲಿಂದ ಅವರ ಅಭ್ಯಾಸ. ಗಿಡ ಹರಾಜಿಗೆ ಹೋಯ್ತು. ಆ ಹಿರಿಯರೇ ಕೂಗಿ ಕೊಂಡರು. ಪುಸ್ತಕ ಇನ್ನೂ ಅವರ ಹತ್ತಿರಾನೇ ಇದೆ, ಅದರ ಬಗ್ಗೆ ಯಾರೂ ಮಾತೆತ್ತಲಿಲ್ಲ. ಆದರೆ ಹೋಗುವಾಗ ಅಪ್ಪನ ಹತ್ತಿರ ನಿಂತು ನೀರು ಎಷ್ಟು ಹಾಕಬೇಕು ಅಂತ ಕೇಳ್ತಾ ಇದ್ದರು. ಇಬ್ಬರೂ ತೆಲುಗಿನಲ್ಲಿ.

—

ದ್ರಾಕ್ಷಿಚಪ್ಪರ

ಹತ್ತಿದೆಯಾ ಇಲ್ವಾ, ಅದು ಹೇಳಿ ಮೊದಲು.

—

ಕಸಿಕತ್ತಿ

ಕಟ್ಟಿ ಇನ್ನೂ ಹನ್ನೆರಡೇ ದಿನ ಆಗಿದೆ. ಟೋಪಿ ಒಳಗೆ ನೀರಿನ ಹನಿ ಕಟ್ಟಿದೆಯಂತೆ, ಕಡ್ಡಿ ಹಸಿರಾಗಿದೆಯಂತೆ. ನೋಡಬೇಕು.

—

ರೀಫ್ಸ್_ಟೀಚರ್

ಅಣ್ಣ, ನೀವು ಕಳಿಸಿದ ಮಲ್ಲಿಕಾ ಗಿಡ ಡ್ರಮ್ಮಿನಲ್ಲಿ ನೆಟ್ಟೆ. ಈಗ ಕಸಿ ಗಂಟಿನ ಕೆಳಗಿನಿಂದ ಒಂದು ಚಿಗುರು ಬಂದಿದೆ. ತಾಮ್ರದ ಬಣ್ಣ, ಮೇಲಿನದಕ್ಕಿಂತ ಚೆನ್ನಾಗಿದೆ. ಕೀಳಬೇಕು ಅಂತ ಗೊತ್ತು, ಕೈ ಬರ್ತಾ ಇಲ್ಲ. ಪ್ಲಾಸ್ಟಿಕ್ ಪಟ್ಟಿ ಕೂಡ ಹಾಗೇ ಇದೆ, ತೆಗೀಬೇಕಾ?

—

ಕಸಿಕತ್ತಿ

ಪಟ್ಟಿ ಇವತ್ತೇ ಬಿಚ್ಚಿ ಅಮ್ಮ. ಕೂಡೋಕೆ ಬೇಕಿತ್ತು, ಇನ್ನು ಬಿಟ್ಟರೆ ಕಾಂಡ ದಪ್ಪ ಆದ ಹಾಗೆ ಕುತ್ತಿಗೆ ಹಿಸುಕುತ್ತೆ. ಬ್ಲೇಡಿನಿಂದ ಹಿಂಬದಿಯಲ್ಲಿ ಉದ್ದಕ್ಕೆ ಗೀರಿ, ಎಳೀಬೇಡಿ. ಕೆಳಗಿನ ಚಿಗುರನ್ನು ಮುರಿಯೋ ಮುಂಚೆ ಒಂದು ಫೋಟೋ ಕಳಿಸಿ. ಕೆಲವು ಸಲ ಗಂಟಿನ ಮೇಲಿಂದೇ ಬಂದಿದ್ದು ಕೆಳಗಿಂದ ಬಂದ ಹಾಗೆ ಕಾಣುತ್ತೆ. ಅಪ್ಪ ಈಗ ಪಕ್ಕದಲ್ಲೇ ಇದ್ದಾರೆ, ಅವರಿಗೂ ತೋರಿಸ್ತೀನಿ.